ನಂಬಿಕೆ ಸೋತಂತೆ ಅನ್ನಿಸಿದಾಗ: ಓದುಗರ ಪ್ರಶ್ನೆಗಳಿಗೆ ಸಭಾಪಾಲಕರ ಉತ್ತರ

ಪ್ರಶ್ನೆ: ಅಯ್ಯನವರಿಗೆ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನಾಲ್ಕು ಎಕರೆ ಗದ್ದೆಯನ್ನು ಗುತ್ತಿಗೆಗೆ ಮಾಡುತ್ತೇವೆ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಬರಲಿಲ್ಲ. ಮರುವರ್ಷ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ, ನಾಟಿ ಮಾಡಿದ ಗದ್ದೆಯ ಗತಿ ಏನೆಂದು ನಮ್ಮ ಮನೆಯವರು ನಿದ್ದೆಗೆಟ್ಟರು. ಬೆಳೆ ಹೇಗೋ ಉಳಿಯಿತು. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ಭತ್ತ ನೆಲಕ್ಕೆ ಒರಗಿತು. ಗೊಬ್ಬರದ ಅಂಗಡಿಯ ಬಾಕಿ, ಕಮಿಷನ್ ಅಂಗಡಿಯ ಮುಂಗಡ, ಸಂಘದ ವಾರದ ಕಂತು ಎಲ್ಲವೂ ಹಾಗೇ ನಿಂತಿವೆ. ಮನೆಯವರು ಈಗ ಸರಿಯಾಗಿ ಉಣ್ಣುವುದಿಲ್ಲ, ಯಾರೊಡನೆಯೂ ಮಾತಾಡುವುದಿಲ್ಲ. ‘ನಾನಿಲ್ಲದಿದ್ದರೆ ಎಲ್ಲ ತೀರುತ್ತದೆ’ ಎಂದು ಎರಡು ಸಲ ಅಂದಿದ್ದಾರೆ. ನಾನು ಪ್ರತಿ ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡಿದ್ದೇನೆ. ಸಭೆಯಲ್ಲಿ ಒಬ್ಬ ಅಕ್ಕ, ‘ನಿಮ್ಮ ನಂಬಿಕೆ ಕಡಿಮೆ, ಇಲ್ಲವೇ ಮನೆಯಲ್ಲಿ ಯಾವುದೋ ಪಾಪ ಮುಚ್ಚಿಟ್ಟಿದ್ದೀರಿ’ ಎಂದರು. ಈಗ ಮೊಣಕಾಲೂರಿದರೂ ಬಾಯಿಗೆ ಮಾತು ಬರುವುದಿಲ್ಲ. ಸಂಘದ ಪಾಸ್‌ಬುಕ್ಕನ್ನು ಸತ್ಯವೇದದೊಳಗೆ ಇಟ್ಟು ಸುಮ್ಮನೆ ಕೂತುಬಿಡುತ್ತೇನೆ. ದೇವರ ಮೇಲೆ ಸಿಟ್ಟು ಬರುತ್ತದೆ. ನನ್ನ ನಂಬಿಕೆ ಸತ್ತುಹೋಗಿದೆಯೇ?
— ಒಬ್ಬ ಸಹೋದರಿ, ಮಾನ್ವಿ ತಾಲ್ಲೂಕು

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪ್ರಶ್ನೆಗೆ ಬರುವ ಮೊದಲು ನಿಮ್ಮ ಪತಿಯ ಮಾತಿಗೆ ಬರುತ್ತೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ‘ನಾನಿಲ್ಲದಿದ್ದರೆ’ ಎನ್ನುವ ಮಾತನ್ನು ಬೇಸರದ ಮಾತೆಂದು ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಡಬ್ಬಿಗಳು ಮನೆಯಲ್ಲಿದ್ದರೆ ಅವನ್ನು ಈ ದಿನವೇ ಅಲ್ಲಿಂದ ತೆಗೆಸಿ, ನಂಬಿಕಸ್ಥರೊಬ್ಬರ ಮನೆಯಲ್ಲಿ ಬೀಗ ಹಾಕಿಸಿರಿ. ಅವರನ್ನು ಒಂಟಿಯಾಗಿ ಬಿಡದೆ, ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ‘ಸಾಯಬೇಕು ಅನ್ನಿಸುತ್ತಿದೆಯೇ’ ಎಂದು ಅವರನ್ನು ನೇರವಾಗಿ ಕೇಳಲು ಹೆದರಬೇಡಿರಿ; ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಒಳಗಿರುವ ಮಾತು ಹೊರಗೆ ಬರಲು ದಾರಿಯಾಗುತ್ತದೆ.

ಇದನ್ನು ನಾನು ಧರ್ಮೋಪದೇಶದ ಹೊರಗಿನ ಮಾತಾಗಿ ಹೇಳುತ್ತಿಲ್ಲ. ಅರಸುಗಳ ಮೊದಲನೇ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯನು ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿಯನ್ನು ಕಂಡವನು ಅವನು. ನಂಬಿಕೆ ಕಡಿಮೆಯಾದವನೆಂದು ಯಾರೂ ಹೇಳಲಾರರು. ದೇವರು ಅವನಿಗೆ ಮಾಡಿದ ಮೊದಲ ಉಪಕಾರವೇನೆಂದು ನೋಡಿರಿ. ಅವನನ್ನು ಗದರಿಸಲಿಲ್ಲ, ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ದೂತನ ಕೈಯಲ್ಲಿ ಕಳುಹಿಸಿದನು. ಅವನು ಉಂಡು ಮಲಗಿದನು, ಎದ್ದು ಮತ್ತೆ ಉಂಡನು. ಹೋರೇಬ್ ಬೆಟ್ಟದ ಮೇಲಿನ ಸಂಭಾಷಣೆ ನಡೆದದ್ದು ಅದೆಲ್ಲ ಆದ ಮೇಲೆ. ಆದ್ದರಿಂದ ನಿಮ್ಮ ಪತಿಗೆ ಒಂದು ತುತ್ತು ಉಣ್ಣಿಸುವುದನ್ನು, ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದನ್ನು ಪ್ರಾರ್ಥನೆಗಿಂತ ಕೆಳಗಿನ ಕೆಲಸವೆಂದು ಎಣಿಸಬೇಡಿರಿ.

ಇನ್ನು ಆ ಅಕ್ಕನವರು ಹೇಳಿದ ಮಾತು. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ, ಆದರೆ ಅದು ಸತ್ಯವೇದಕ್ಕೆ ಒಪ್ಪುವ ಮಾತಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಯೇಸುಸ್ವಾಮಿಯು ಆ ಎರಡನ್ನೂ ಅಲ್ಲವೆಂದನು (ಯೋಹಾನ 9). ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಮಿಕ್ಕವರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲವೆಂದು ಆತನೇ ಹೇಳಿದನು (ಲೂಕ 13). ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಬಳಿ ಮಾತಿಲ್ಲದೆ ಕೂತಿದ್ದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದು, ನೀನು ಏನೋ ತಪ್ಪು ಮಾಡಿರಬೇಕು ಎಂದು ಆರಂಭಿಸಿದ ಮೇಲೆ ಅವರು ಕೆಟ್ಟರು. ಕಡೆಗೆ ದೇವರ ಕೋಪ ಉರಿದದ್ದು ದೂರು ಹೇಳಿಕೊಂಡ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸುತ್ತಿದ್ದೇವೆಂದು ಎಣಿಸಿಕೊಂಡಿದ್ದ ಆ ಸ್ನೇಹಿತರ ಮೇಲೆ. ಬರ ಬಿದ್ದದ್ದು, ಗೇಟಿನ ಸರಪಳಿ ಕಳಚಿದ್ದು ನಿಮ್ಮ ಮನೆಯ ಪಾಪದಿಂದಲ್ಲ. ಕಾಲುವೆಯ ಮೇಲ್ಭಾಗದವರ ಗದ್ದೆಗೆ ನೀರು ಹರಿದು ಕೊನೆಯ ಭಾಗದವರ ಗದ್ದೆ ಒಣಗಿದರೆ, ಮೇಲಿನವರ ನಂಬಿಕೆ ದೊಡ್ಡದೆಂದು ಯಾರು ಹೇಳಿಯಾರು?

ಇಲ್ಲಿ ನಮ್ಮ ಸಭೆಗಳ ವಿಷಯವಾಗಿ ಒಂದು ಮಾತನ್ನು ಹೇಳಲೇಬೇಕಾಗಿದೆ. ಸಾಕ್ಷಿ ಹೇಳುವ ಸಮಯದಲ್ಲಿ ನಾವು ಕೇಳುವುದೆಲ್ಲ ಮುಗಿದ ಕಥೆಗಳು: ಕೆಲಸ ಸಿಕ್ಕಿತು, ಮಗು ಹುಟ್ಟಿತು, ಜ್ವರ ಬಿಟ್ಟಿತು. ಅದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಲೇಬೇಕು. ಆದರೆ ಇನ್ನೂ ಏನೂ ಬಗೆಹರಿಯದವರು ಎದ್ದು ನಿಂತು, ‘ನನಗೆ ಉತ್ತರ ಸಿಕ್ಕಿಲ್ಲ, ಆದರೂ ಬಂದಿದ್ದೇನೆ’ ಎನ್ನಲು ನಮ್ಮಲ್ಲಿ ಜಾಗವಿಲ್ಲದಿರುವುದರಿಂದ, ನಿಮ್ಮಂಥವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುವಂತಾಗಿದೆ. ದೇವರ ಗ್ರಂಥದಲ್ಲಿ ಆ ಜಾಗ ಬಹಳ ದೊಡ್ಡದಾಗಿದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೊರೆಯೂ ದೂರೂ ಆಗಿವೆ. 13ನೇ ಕೀರ್ತನೆಯು ‘ಎಷ್ಟರವರೆಗೆ’ ಎಂದು ದೇವರನ್ನು ಮತ್ತೆ ಮತ್ತೆ ಕೇಳುತ್ತದೆ. 88ನೇ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಹಾಗಿದ್ದರೂ ಅದನ್ನು ಯಾರೂ ತೆಗೆದುಹಾಕಲಿಲ್ಲ, ಆರಾಧನೆಯ ಹಾಡಾಗಿಯೇ ಉಳಿಸಿಕೊಂಡರು. ಶಿಲುಬೆಯ ಮೇಲೆ ನಮ್ಮ ಕರ್ತನು ಕೂಗಿದ ಮಾತು ಕೂಡ 22ನೇ ಕೀರ್ತನೆಯ ‘ಯಾಕೆ’ ಎಂಬ ದೂರೇ ಆಗಿದೆ.

ಆದ್ದರಿಂದ ಸಿಟ್ಟು ಬಂದಾಗ ಆ ಸಿಟ್ಟನ್ನೇ ದೇವರಿಗೆ ಹೇಳಿರಿ. ದೇವರಿಗೆ ಬೆನ್ನು ಮಾಡಿ ಪಕ್ಕದ ಮನೆಯವರ ಮುಂದೆ ದೇವರನ್ನು ದೂರುವುದು ಬೇರೆ, ದೇವರ ಮುಂದೆಯೇ ನಿಂತು ದೂರುವುದು ಬೇರೆ. ಎರಡನೆಯದನ್ನು ಸತ್ಯವೇದವು ನಂಬಿಕೆಯೆಂದೇ ಎಣಿಸುತ್ತದೆ, ಏಕೆಂದರೆ ಕೇಳುವವನೊಬ್ಬನಿದ್ದಾನೆಂದು ನಂಬದವನು ದೂರು ಕೊಡಲು ಹೋಗುವುದಿಲ್ಲ. ಇನ್ನು ಪಾಸ್‌ಬುಕ್ಕನ್ನು ಸತ್ಯವೇದದೊಳಗೆ ಇಟ್ಟು ಸುಮ್ಮನೆ ಕೂರುತ್ತೇನೆಂದು ಬರೆದಿದ್ದೀರಿ. ಅಶ್ಶೂರದ ಅರಸನು ಬೆದರಿಕೆಯ ಪತ್ರ ಕಳುಹಿಸಿದಾಗ ಅರಸನಾದ ಹಿಜ್ಕೀಯನು ಆ ಪತ್ರವನ್ನು ದೇವಾಲಯಕ್ಕೆ ತೆಗೆದುಕೊಂಡು ಹೋಗಿ ಕರ್ತನ ಸನ್ನಿಧಿಯಲ್ಲಿ ಬಿಚ್ಚಿ ಹರಡಿದನು (2 ಅರಸುಗಳು 19). ನಿಮಗೆ ಗೊತ್ತಿಲ್ಲದೆಯೇ ನೀವು ಮಾಡುತ್ತಿರುವುದು ಅದೇ ಕೆಲಸ. ಪಾಸ್‌ಬುಕ್ಕನ್ನು ಮುಚ್ಚಿಡದೆ ತೆರೆದೇ ಇಡಿರಿ. ಇಷ್ಟು ಅಸಲು, ಇಷ್ಟು ಬಡ್ಡಿ, ಇಷ್ಟು ಕಂತು ಬಾಕಿ ಎಂದು ಓದಿ ಹೇಳಿರಿ. ಅದಕ್ಕಿಂತ ಹೆಚ್ಚಿನ ಮಾತು ಬಾರದಿದ್ದರೆ ಬೇಡ. ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದವರಿಗೋಸ್ಕರ ಪವಿತ್ರಾತ್ಮನು ಮಾತಿಗೆ ನಿಲುಕದ ನರಳಾಟದಿಂದ ಬೇಡಿಕೊಳ್ಳುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ.

ಸಾಲದ ವಿಷಯವನ್ನು ಪ್ರಾರ್ಥನೆಗೆ ಮಾತ್ರ ಬಿಡಬೇಡಿರಿ. ನಿಮ್ಮ ಸಂಘದ ಸಾಲದಂಥ ಕಿರುಸಾಲದ ವಸೂಲಿಯಲ್ಲಿ ಬಲವಂತ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಿ ಪೀಡಿಸುವುದನ್ನು ರಿಸರ್ವ್ ಬ್ಯಾಂಕಿನ ನಿಯಮವೂ ಒಪ್ಪುವುದಿಲ್ಲ. ಯಾರಾದರೂ ಮನೆಯ ಮುಂದೆ ಕೂತು ಅವಮಾನ ಮಾಡಿದರೆ ಪೊಲೀಸ್ ಠಾಣೆಗೆ ಹೋಗಲು ನಾಚಬೇಡಿರಿ. ಒಬ್ಬರೇ ಹೋಗಬೇಡಿರಿ, ನಿಮ್ಮ ಸಭಾಪಾಲಕರನ್ನೂ ಒಬ್ಬಿಬ್ಬರು ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಎಂದು ಪೌಲನು ಗಲಾತ್ಯದವರಿಗೆ ಬರೆದದ್ದು ಇಂಥ ದಿನಕ್ಕಾಗಿಯೇ. ಈ ಅಂಕಣವನ್ನು ಓದುವ ಸಭಾಹಿರಿಯರನ್ನೂ ಬೇಡುತ್ತೇನೆ: ಕಡೆಭಾಗದ ಹಳ್ಳಿಗಳಲ್ಲಿ ನಿಮ್ಮ ಸಭೆಯ ಯಾವ ಮನೆಯಲ್ಲಿ ಒಲೆ ಹೊತ್ತುತ್ತಿಲ್ಲವೆಂದು ಈ ವಾರ ಹೋಗಿ ನೋಡಿರಿ, ಬರಿಗೈಯಲ್ಲಿ ಹೋಗಬೇಡಿರಿ.

ನಿಮಗೆ ಓದಲು ಒಂದು ಭಾಗವನ್ನು ಕೊಡುತ್ತೇನೆ. ಪ್ರವಾದಿಯಾದ ಹಬಕ್ಕೂಕನು ತನ್ನ ಪುಸ್ತಕವನ್ನು ದೂರಿನಿಂದಲೇ ಆರಂಭಿಸುತ್ತಾನೆ. ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಣ್ಣು ಬಿಡದಿದ್ದರೂ, ಹೊಲಗದ್ದೆಗಳು ಆಹಾರ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿಗಳೂ ಕೊಟ್ಟಿಗೆಯಲ್ಲಿ ದನಗಳೂ ಇಲ್ಲದೆ ಹೋದರೂ ತಾನು ಕರ್ತನಲ್ಲಿ ಉಲ್ಲಾಸಿಸುವೆನೆಂದು ಹಾಡುತ್ತಾನೆ. ರೈತರ ಮನೆಯವರಿಗೆ ಆ ಪಟ್ಟಿಯ ಒಂದೊಂದು ಸಾಲೂ ಎಷ್ಟು ನಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹಾಡು ಮೂರನೇ ಅಧ್ಯಾಯದ ಕೊನೆಯಲ್ಲಿದೆ, ಮೊದಲನೇ ಅಧ್ಯಾಯದಲ್ಲಿಲ್ಲ. ನೀವು ಈಗ ಮೊದಲನೇ ಅಧ್ಯಾಯದಲ್ಲಿದ್ದರೆ ಅಲ್ಲಿಯ ಮಾತುಗಳಿಂದಲೇ ಪ್ರಾರ್ಥಿಸಿರಿ. ಯಾರ ಒತ್ತಾಯಕ್ಕೂ ಮೂರನೆಯದನ್ನು ಹಾಡಬೇಕಾಗಿಲ್ಲ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತಾ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸಂಡೆ ಸ್ಕೂಲಿನಿಂದಲೂ ಸಭೆಯಲ್ಲಿ ಬೆಳೆದವನು. ಕಳೆದ ವರ್ಷ ನಾವೆಲ್ಲ ಪ್ರಾರ್ಥಿಸಿದರೂ ತಾಯಿ ತೀರಿಕೊಂಡರು. ಅಂದಿನಿಂದ ಸತ್ಯವೇದ ಓದಿದರೆ ಅಕ್ಷರಗಳು ಕಾಣುತ್ತವೆ, ಒಳಗೆ ಏನೂ ಇಳಿಯುವುದಿಲ್ಲ. ನಂಬಿಕೆಯಲ್ಲಿ ಬೆಳೆಯುವುದು ಹೇಗೆ?
— ಒಬ್ಬ ಯುವಕ, ಬಳ್ಳಾರಿ

ಉತ್ತರ: ತಮ್ಮಾ, ತಾಯಿಯನ್ನು ಕಳೆದುಕೊಂಡ ವರ್ಷದಲ್ಲಿ ಬೆಳವಣಿಗೆಯ ಲೆಕ್ಕ ಹಾಕಬೇಡ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ನಿಧಾನವಾಗಿ ಓದು. ಲಾಜರನು ಸತ್ತ ಮೇಲೆ ಬಂದ ಯೇಸುವಿಗೆ ಮಾರ್ಥಳೂ ಮರಿಯಳೂ ಬೇರೆ ಬೇರೆ ಹೊತ್ತಿನಲ್ಲಿ ಹೇಳುವುದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ. ನಿನ್ನ ಮನಸ್ಸಿನಲ್ಲಿರುವುದೂ ಅದೇ ಅಲ್ಲವೇ? ಮಾರ್ಥಳಿಗೆ ಆತನು ಪುನರುತ್ಥಾನದ ಬೋಧನೆಯನ್ನು ಕೊಟ್ಟನು. ಅದೇ ಮಾತನ್ನಾಡಿದ ಮರಿಯಳ ಮುಂದೆ ಅತ್ತನು. ಯಾರಿಗೆ ಯಾವುದು ಬೇಕೆಂದು ಆತನಿಗೆ ಗೊತ್ತಿದೆ. ಈ ವರ್ಷ ನಿನಗೆ ಬೋಧನೆ ಇಳಿಯದಿದ್ದರೆ, ನಿನ್ನೊಡನೆ ಅಳುವ ಕರ್ತನು ಸಾಕು.

ಓದನ್ನು ಮಾತ್ರ ನಿಲ್ಲಿಸಬೇಡ, ಕಡಿಮೆ ಮಾಡು. ದಿನಕ್ಕೆ ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದು, ಅರ್ಥವಾಗಲಿ ಬಿಡಲಿ. ಮಾರ್ಕನ ಸುವಾರ್ತೆಯಿಂದ ಒಂದು ಘಟನೆಯನ್ನು ಮಾತ್ರ ಓದಿ ಕೆಲಸಕ್ಕೆ ಹೋಗು. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ ಎಂಬ ಕ್ರಮವನ್ನು ಪೌಲನು ರೋಮಾ 5ರಲ್ಲಿ ಹೇಳುವಾಗ, ಒಂದರಿಂದ ಇನ್ನೊಂದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಹೇಳಿಲ್ಲ. ನಿಮ್ಮ ಊರಿನಲ್ಲಿಯೇ ಅದಕ್ಕೆ ಒಳ್ಳೆಯ ದೃಷ್ಟಾಂತವಿದೆ. ಲಂಡನ್ ಮಿಷನ್ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಸಂಪೂರ್ಣ ಕನ್ನಡ ಸತ್ಯವೇದ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷಗಳಲ್ಲಿ ಎಷ್ಟೋ ಬೆಳಿಗ್ಗೆಗಳು ಅವರಿಗೂ ಅವರ ಸಂಗಡಿಗರಿಗೂ ಒಣಗಿದವುಗಳೇ ಆಗಿದ್ದಿರಬೇಕು; ಆ ಬೆಳಿಗ್ಗೆಗಳಲ್ಲಿಯೂ ಒಂದೊಂದು ವಾಕ್ಯ ಮುಂದೆ ಸಾಗಿದ್ದರಿಂದ ಈ ನೆಲದವರ ಕೈಗೆ ತಮ್ಮ ಮಾತಿನ ಸತ್ಯವೇದ ಬಂತು.

ಇನ್ನೊಂದು ಕೆಲಸವನ್ನೂ ಹೇಳುತ್ತೇನೆ. ನಿಮ್ಮ ಸಭೆಯಲ್ಲಿ ಇತ್ತೀಚೆಗೆ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಇನ್ನೊಬ್ಬರ ಮನೆಗೆ ಭಾನುವಾರ ಆರಾಧನೆ ಮುಗಿದ ಮೇಲೆ ಹೋಗು. ದೇವರು ನಮ್ಮನ್ನು ಸಂತೈಸುವುದು ನಾವು ಬೇರೆಯವರನ್ನು ಸಂತೈಸಲಿಕ್ಕಾಗಿ ಎಂದು 2 ಕೊರಿಂಥ 1ರಲ್ಲಿದೆ. ಅಲ್ಲಿ ವಚನ ಹೇಳಲೇಬೇಕೆಂದಿಲ್ಲ. ಚಹಾ ಕುಡಿದು, ಅವರ ತಾಯಿಯ ವಿಷಯ ಕೇಳಿ, ನಿನ್ನ ತಾಯಿಯ ವಿಷಯ ಹೇಳಿ ಬಾ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಇದೆ. ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು, ‘ಮಾತ್ರೆ ನುಂಗುವವರೆಗೆ ನಿಮ್ಮ ನಂಬಿಕೆ ಮಾತ್ರೆಯ ಮೇಲಿರುತ್ತದೆ’ ಎಂದರು. ನಿಲ್ಲಿಸಿಬಿಡಲೇ?
— ಒಬ್ಬ ಹಿರಿಯರು, ಗಂಗಾವತಿ

ಉತ್ತರ: ಹಿರಿಯರೇ, ಖಂಡಿತ ನಿಲ್ಲಿಸಬೇಡಿರಿ. ಹಿಜ್ಕೀಯನು ರೋಗದಿಂದ ಅತ್ತು ಪ್ರಾರ್ಥಿಸಿದಾಗ ದೇವರು ಅವನ ಪ್ರಾರ್ಥನೆಯನ್ನು ಕೇಳಿದನು. ಆದರೂ ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣಿನ ಮುದ್ದೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು (2 ಅರಸುಗಳು 20). ಪೌಲನ ಜೊತೆಗಾರನಾಗಿದ್ದ ಲೂಕನು ವೈದ್ಯನು. ತಿಮೊಥೆಯನ ಹೊಟ್ಟೆಯ ಬಾಧೆಗೆ ಪೌಲನು ಸ್ವಲ್ಪ ದ್ರಾಕ್ಷಾರಸವನ್ನು ಹೇಳಿ ಬರೆದನು. ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟು ಬಂದನು. ತನ್ನ ಶರೀರದ ಶೂಲ ಹೋಗಲೆಂದು ಮೂರು ಸಾರಿ ಬೇಡಿದಾಗ ಅವನಿಗೆ ಸಿಕ್ಕ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬುದು. ಇವರಲ್ಲಿ ಯಾರ ನಂಬಿಕೆಯನ್ನೂ ಅಪೊಸ್ತಲನು ಪ್ರಶ್ನಿಸಲಿಲ್ಲ.

ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿರುವಂತೆ ಸಭೆಯ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳಿರಿ. ಅದೇ ದಿನ ಮಾತ್ರೆಯನ್ನೂ ನುಂಗಿರಿ. ಬಿಪಿ, ಸಕ್ಕರೆಯ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಪಾರ್ಶ್ವವಾಯುವಿಗೂ ಹೃದಯಾಘಾತಕ್ಕೂ ಕಾರಣವಾಗಬಹುದು, ಮೂತ್ರಪಿಂಡಗಳೂ ಕೆಡಬಹುದು. ಗುಣವಾಗಿದೆಯೆಂದು ನಿಮಗೆ ಅನ್ನಿಸಿದರೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿರಿ. ಕಡಿಮೆ ಮಾಡಬೇಕೋ ನಿಲ್ಲಿಸಬೇಕೋ ಎಂದು ಅವರೇ ಹೇಳಲಿ. ಈಗಾಗಲೇ ನಿಲ್ಲಿಸಿದ್ದರೆ, ಈ ಉತ್ತರವನ್ನು ಓದಿದ ದಿನವೇ ಮನೆಯವರೊಬ್ಬರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿರಿ.