ಚಳಿಗಾಲದ ಸುಸ್ತಿಗೂ ಕಿಡ್ನಿಗೂ ಏನು ಸಂಬಂಧ?

ಪ್ರಶ್ನೆ: ನನಗೆ 46 ವರ್ಷ. ಚಳಿ ಶುರುವಾದರೆ ಸಾಕು, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೇ ಆಗುವುದಿಲ್ಲ. ಸೊಂಟ, ಮೊಣಕಾಲು ತಣ್ಣಗಿರುತ್ತವೆ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತೇನೆ. ಚೀನೀ ವೈದ್ಯ ಪದ್ಧತಿಯಲ್ಲಿ ಆಸಕ್ತಿಯಿರುವ ಗೆಳತಿಯೊಬ್ಬಳು "ನಿನ್ನ ಕಿಡ್ನಿ ವೀಕ್ ಆಗಿದೆ" ಎಂದು ಹೇಳಿ ಗಿಡಮೂಲಿಕೆ ಪುಡಿ ತಂದುಕೊಟ್ಟಿದ್ದಾಳೆ. ಅಂದಿನಿಂದ ಭಯ. ಪುಡಿ ತಿನ್ನಲೇ?

ಉತ್ತರ: ಆ ಪುಡಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಭಯದ ಮಾತು.

ಗೆಳತಿ ಹೇಳಿದ ಕಿಡ್ನಿ ಬೇರೆ, ಲ್ಯಾಬ್ ರಿಪೋರ್ಟಿನಲ್ಲಿ ಬರುವ ಕಿಡ್ನಿ ಬೇರೆ. ಚೀನೀ ವೈದ್ಯದಲ್ಲಿ ಅದಕ್ಕೆ 'ಶೆನ್' ಎನ್ನುತ್ತಾರೆ. ಹುಟ್ಟುವಾಗಲೇ ಜೊತೆಗೆ ತಂದ ಶಕ್ತಿ, ಅವರ ಮಾತಿನಲ್ಲಿ 'ಜಿಂಗ್', ಅಲ್ಲಿ ಕೂಡಿಟ್ಟಿರುತ್ತದಂತೆ. ಮೂಳೆ, ಕಿವಿ, ತಲೆಕೂದಲು, ಭಯ, ನೀರು, ಕಪ್ಪು ಬಣ್ಣ, ಚಳಿಗಾಲ ಎಲ್ಲವೂ ಅದರ ಖಾತೆಗೇ ಸೇರುತ್ತವೆ. ನೀವು ಬರೆದಿರುವ ತಣ್ಣನೆಯ ಸೊಂಟ, ರಾತ್ರಿ ಮೂತ್ರ, ಸುಸ್ತು ಮೂರನ್ನೂ ಸೇರಿಸಿ ಅವರು 'ಶೆನ್ ಯಾಂಗ್' ಕೊರತೆ, ಅಂದರೆ ಒಳಗಿನ ಬಿಸಿ ಕಮ್ಮಿಯಾಗಿದೆ ಎನ್ನುತ್ತಾರೆ. ನಿಮ್ಮ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಕಶ್ಮಲ) ಏರಿದೆ ಎಂದು ಅದರ ಅರ್ಥ ಅಲ್ವೇ ಅಲ್ಲ.

ಚಳಿಗಾಲದ ಬಗ್ಗೆ ಆ ಪದ್ಧತಿ ಹೇಳುವ ಮಾತು ಮಾತ್ರ ನನಗೆ ತುಂಬಾ ಇಷ್ಟ. ಸುಮಾರು 2000 ವರ್ಷ ಹಳೆಯ 'ಹುವಾಂಗ್ದಿ ನೇಜಿಂಗ್' ಗ್ರಂಥದ ಪ್ರಕಾರ ಚಳಿಯ ಮೂರು ತಿಂಗಳು ಬಾಗಿಲು ಮುಚ್ಚಿ ಕೂಡಿಡುವ ಕಾಲ, ಬೇಗ ಮಲಗಿ, ತಡವಾಗಿ ಏಳಿ, ಬಿಸಿಲು ಬರುವವರೆಗೆ ಕಾಯಿರಿ, ಬೆವರು ಸುರಿಸಿ ಶಕ್ತಿ ಸೋರಿಸಬೇಡಿ. ನಾವೋ, ವರ್ಷವಿಡೀ ಒಂದೇ ಅಲಾರಂ ಇಟ್ಟುಕೊಂಡು ಓಡುತ್ತೇವೆ. ಅರ್ಧ ಗಂಟೆ ಬೇಗ ಮಲಗಿ ನೋಡಿ. ಎದ್ದ ಮೇಲೆ ಸ್ವಲ್ಪ ಹೊತ್ತು ಬೆಳಕಿನಲ್ಲಿ ನಿಲ್ಲಿ, ದೇಹದ ಗಡಿಯಾರ ಸರಿಹೋಗಲು ಅದು ಬೇಕು.

ಮಲಗುವ ಮುಂಚೆ ಬಿಸಿನೀರಿನಲ್ಲಿ ಕಾಲಿಡುವುದು ಚೀನಾದ ಮನೆಮನೆಯ ಅಭ್ಯಾಸ. ಹಿಮ್ಮಡಿಯ ಗಂಟು ಮುಳುಗುವಷ್ಟು ನೀರು, ಹದಿನೈದು ನಿಮಿಷ ಸಾಕು. ಆಮೇಲೆ ಒರೆಸಿಕೊಂಡು ಕಾಲ್ಬೆರಳು ಮಡಚಿ, ಅಂಗಾಲಿನ ಮುಂಭಾಗದಲ್ಲಿ ಒಂದು ಸಣ್ಣ ಗುಳಿ ಕಾಣುತ್ತದೆ. ಅದಕ್ಕೆ 'ಯೊಂಗ್‌ಚುವಾನ್', ಉಕ್ಕುವ ಚಿಲುಮೆ ಎಂದು ಹೆಸರು, ಶೆನ್ ನಾಡಿ, ಅಂದರೆ ಅವರ ಪ್ರಕಾರ ಶೆನ್‌ನ ಶಕ್ತಿ ಹರಿಯುವ ದಾರಿ, ಶುರುವಾಗುವುದೇ ಅಲ್ಲಿಂದ ಅನ್ನುತ್ತಾರೆ. ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿ. ಕಿಡ್ನಿ ಗಟ್ಟಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ, ಕಾಲು ಬೆಚ್ಚಗಾದರೆ ನಿದ್ದೆ ಬೇಗ ಹತ್ತುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಕಾಲಿಗೆ ಸುಟ್ಟರೂ ಗೊತ್ತಾಗದೇ ಹೋಗಬಹುದು.

ಈಗ ಪುಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. 'ಫಾಂಗ್ ಜಿ' ಎಂಬ ಹೆಸರಿನಲ್ಲಿ ಎರಡು ಬೇರೆ ಗಿಡಗಳಿವೆ, ಬೇಕಾಗಿದ್ದರ ಜಾಗಕ್ಕೆ ಅರಿಸ್ಟೊಲೋಕಿಕ್ ಆಸಿಡ್ ಎಂಬ ಕಿಡ್ನಿಗೆ ವಿಷವಾಗುವ ವಸ್ತು ಇರುವ ಇನ್ನೊಂದು ಬಂದಿತ್ತು. ಎಷ್ಟೋ ಜನ ಡಯಾಲಿಸಿಸ್‌ಗೆ ಬಂದರು, ಕೆಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಕೂಡ ಆಯಿತು. ಕಿಡ್ನಿಗೆ ಒಳ್ಳೆಯದು ಎಂದು ಯಾರೋ ಪ್ರೀತಿಯಿಂದ ಕೊಟ್ಟ, ಒಳಗೆ ಏನಿದೆ ಎಂದೇ ಬರೆದಿರದ ಪುಡಿ ಅಂದರೆ ನನಗೆ ಇದೇ ನೆನಪಾಗುತ್ತದೆ.

ನಿಜವಾದ ಕಿಡ್ನಿ ಕಾಯಿಲೆ ಶುರುವಿನಲ್ಲಿ ಏನೂ ಹೇಳುವುದಿಲ್ಲ, ಹಾಗಾಗಿ ಊಹೆ ಬೇಡ. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ನೋಡಿಸಿ. ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಕೂಡ ಇರಲಿ. ರಾತ್ರಿ ಏಳುವುದಕ್ಕೆ ಸಕ್ಕರೆ ನೋಡಲೇಬೇಕು. ಮುಖ ಅಥವಾ ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ನಿಂತರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಪುಡಿಯ ಡಬ್ಬಿಯನ್ನೂ ಜೊತೆಗಿಟ್ಟುಕೊಳ್ಳಿ. ಈಗಾಗಲೇ ಒಂದೆರಡು ಚಮಚ ತಿಂದಿದ್ದರೆ ಮುಚ್ಚಿಡದೆ ಹೇಳಿ, ಎಷ್ಟು ದಿನ ತಿಂದಿರಿ ಅನ್ನುವುದನ್ನೂ.