ದೋಣಿ ಹೊರಲು ರೆಡಿ ಇದ್ದೀರಾ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಹೋದ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಒಂದು ದೊಡ್ಡ ಸರೋವರದಲ್ಲಿ ಕೆನೂ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಇಳಿಸಿದ್ದೆವು. ದಿನವಿಡೀ ಮೋಟರ್ ಬೋಟುಗಳ ಗಲಾಟೆ, ಅವು ಎಬ್ಬಿಸಿದ ಅಲೆಗೆ ದೋಣಿ ಹೊಯ್ದಾಡಿ ಮಗಳು ಅತ್ತೇಬಿಟ್ಟಳು. ಸದ್ದಿಲ್ಲದ ಜಾಗ ಅಲ್ಲಿ ಇದೆಯಾ ಸಾರ್?

ಉತ್ತರ: ಇದೆ, ಅದೇ ಬೆಟ್ಟಗಳಲ್ಲೇ. ಸೇಂಟ್ ರೀಜಿಸ್ ಕೆನೂ ಏರಿಯಾಕ್ಕೆ ಹೋಗಿ. ಸುಮಾರು 18,400 ಎಕರೆ ಕಾಡು, ಒಳಗೆ 58 ಕೊಳಗಳು, ಮೋಟರ್ ಬೋಟಿಗೆ ಪ್ರವೇಶವೇ ಇಲ್ಲ. ಆದರೆ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗಬೇಕಾದರೆ ದೋಣಿಯನ್ನು ಹೆಗಲ ಮೇಲೆ ಹೊರಬೇಕು. ಅಲ್ಲಿನವರು ಇದಕ್ಕೆ ‘ಕ್ಯಾರಿ’ ಅನ್ನುತ್ತಾರೆ. ಲಿಟಲ್ ಕ್ಲಿಯರ್ ಪಾಂಡ್‌ನಲ್ಲಿ ದೋಣಿ ಇಳಿಸಿ, ಅದನ್ನು ದಾಟಿ, ಸುಮಾರು ಒಂದು ಕಿಲೋಮೀಟರ್ ಹೊತ್ತು ನಡೆದರೆ ಸೇಂಟ್ ರೀಜಿಸ್ ಪಾಂಡ್. ಹೆಸರಿಗೆ ಪಾಂಡ್, ನೋಡಿದರೆ ನಮ್ಮೂರ ಕೆರೆಗಿಂತ ದೊಡ್ಡದು! ದೋಣಿ ತಲೆ ಮೇಲಿದ್ದಾಗ ಕಾಣುವುದು ನಿಮ್ಮ ಕಾಲು ಮತ್ತು ಮರದ ಬೇರು ಮಾತ್ರ, ಮುಂದಿನ ತುದಿ ಕೊಂಬೆಗೆ ಢಬ್ ಅಂತ ತಾಗುತ್ತಿರುತ್ತೆ. ಅಲ್ಯುಮಿನಿಯಂ ದೋಣಿ 30 ಕೆಜಿ ದಾಟುತ್ತದೆ, ಬಾಡಿಗೆಗೆ ತಗೊಳ್ಳುವಾಗ ಕೆವ್ಲಾರ್ ಅನ್ನೋ ಹಗುರ, ಗಟ್ಟಿ ನಾರಿನದ್ದೇ ಕೇಳಿ, ಇಬ್ಬರು ಕೂರುವಂಥದ್ದು 20 ಕೆಜಿ ಆಸುಪಾಸು ಇರುತ್ತೆ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಹೊರುವುದೇ ಬೇಡ ಅಂದರೆ ಲಿಟಲ್ ಟಪ್ಪರ್ ಲೇಕ್ ಇದೆ. 1990ರ ದಶಕದ ಕೊನೆಯ ತನಕ ಅದು ಖಾಸಗಿ ಆಸ್ತಿ, ಈಗ ಸರ್ಕಾರದ್ದು, ಅಲ್ಲೂ ಮೋಟರ್ ಇಲ್ಲ. ಉದ್ದನೆಯ ಸರೋವರ ನೋಡಿ, ಮಧ್ಯಾಹ್ನ ಗಾಳಿ ಎದ್ದರೆ ಅಲೆ ಅಲ್ಲೂ ಏಳುತ್ತೆ. ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಡಿ, ದಡದ ಪಕ್ಕದಲ್ಲೇ ಹುಟ್ಟು ಹಾಕಿ.

ಬೇರೆ ಕಡೆ ಹುಡುಕುವಾಗಲೂ ಮ್ಯಾಪಿನಲ್ಲಿ ಮೊದಲು ನೋಡಬೇಕಾದ್ದು ನೀರನ್ನಲ್ಲ, ರಸ್ತೆಯನ್ನು. ಕಾರಿನ ಹಿಂದೆ ದೋಣಿ ಎಳೆದು ತರುವ ಟ್ರೈಲರ್ ನೀರಿನ ತನಕ ಇಳಿಯುವ ಕಡೆ ಮೋಟರ್ ಬಂದೇ ಬರುತ್ತೆ, ಆ ಹೆಸರು ಬಿಟ್ಟುಬಿಡಿ. ರಸ್ತೆ ಅಲ್ಲೇ ಎಲ್ಲೋ ನಿಂತು ಕಾಲುದಾರಿ ಶುರುವಾದರೆ, ಅಲ್ಲಿ ವಿಚಾರಿಸಿ.

ಜೂನ್‌ನಲ್ಲಿ ಮಾತ್ರ ಬೇಡ. ಬ್ಲ್ಯಾಕ್ ಫ್ಲೈ ಅನ್ನೋ ಸಣ್ಣ ನೊಣ ಕಿವಿ ಹಿಂದೆ ಕಚ್ಚಿ ರಕ್ತ ಬರಿಸುತ್ತೆ. ಸೆಪ್ಟೆಂಬರ್ ಮೊದಲ ಎರಡು ವಾರ ಒಳ್ಳೆಯದು. ರಾತ್ರಿ ಲೂನ್ ಹಕ್ಕಿ ಊಳಿಟ್ಟ ಹಾಗೆ ಕೂಗುತ್ತೆ, ತೋಳ ಅಲ್ಲ ಅಂತ ಮಗಳಿಗೆ ಮೊದಲೇ ಹೇಳಿಟ್ಟಿರಿ.