ಸಾಲ ತಗೊಂಡು ಕಾಣಿಕೆ ಕೊಡ್ಬೇಕಾ?

ಪ್ರಶ್ನೆ: ನಮ್ಮ ಯಜಮಾನ್ರಿಗೆ 22,000 ಸಂಬಳ. ಬಂದ ದಿನಾನೇ ಹತ್ತರಲ್ಲೊಂದು ಪಾಲು, ಅಂದ್ರೆ 2,200 ದಶಮಾಂಶ, ಚರ್ಚ್ ಸಭೆಗೆ ಕೊಡ್ತಾರೆ, ನಾನು ಯಾವತ್ತೂ ಬೇಡ ಅಂದಿಲ್ಲ. ಆದ್ರೆ ಈಚೆಗೆ ಪಾಸ್ಟರ್ ಬೀಜದ ಕಾಣಿಕೆ ಬಿತ್ತಿದ್ರೆ ನೂರರಷ್ಟು ಬರುತ್ತೆ ಅಂದಿದ್ದಕ್ಕೆ ಯಜಮಾನ್ರು ಮಹಿಳಾ ಸಂಘದಿಂದ ನನ್ನ ಹೆಸರಲ್ಲಿ 10,000 ಸಾಲ ತೆಗೆಸಿ ಕೊಟ್ರು. ಮಗಳ ಫೀಸ್ ಬಾಕಿ ಇದೆ, ಮಾವ ಇಲ್ಲ, ಅತ್ತೆ ಶುಗರ್ ಮಾತ್ರೆ ದಿನ ಬಿಟ್ಟು ದಿನ ತಗೋತಿದ್ದಾರೆ. ಈಗ ಇನ್ನೊಂದು ಸಾಲ ತೆಗಿ ಅಂತಾರೆ, ಇಲ್ಲಾಂದ್ರೆ ದೇವರ ದುಡ್ಡು ಕದ್ದ ಹಾಗೆ, ಶಾಪ ತಟ್ಟುತ್ತೆ ಅಂತಾರೆ. ಬೇಡ ಅನ್ನೋದು ಪಾಪಾನಾ?

ಉತ್ತರ: ಖಂಡಿತ ಪಾಪ ಅಲ್ಲ ತಂಗಿ. ಎರಡನೇ ಸಾಲ ತೆಗೀಬೇಡಿ.

ಆ ಶಾಪದ ಮಾತು ಬೈಬಲ್‌ನಲ್ಲಿರೋ ಮಲಾಕಿಯ ಪುಸ್ತಕದ 3ನೇ ಅಧ್ಯಾಯದ್ದು, ಅದರಲ್ಲಿ 8ರಿಂದ 10ನೇ ವಚನ ಮಾತ್ರ ಓದಿ ಬಡವರನ್ನ ಹೆದರಿಸೋದು ಕೇಳಿದ್ರೆ ನನಗೆ ತುಂಬಾ ಸಂಕಟ ಆಗುತ್ತೆ, ಯಾಕಂದ್ರೆ ಅದೇ ಅಧ್ಯಾಯದ 5ನೇ ವಚನದಲ್ಲಿ ಕೂಲಿಯವರನ್ನ, ವಿಧವೆಯರನ್ನ, ಅನಾಥರನ್ನ ಹಿಂಸಿಸೋರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ತಾನೆ. ಆಗಿನ ದಶಮಾಂಶ ಅಂದ್ರೆ ಹೊಲದ ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನ ಕುರಿ, ದೇವಾಲಯದ ಸೇವೆ ಮಾಡ್ತಿದ್ದ, ಜಮೀನಿಲ್ಲದ ಲೇವಿಯರು ಅದನ್ನೇ ನಂಬ್ಕೊಂಡಿದ್ರು. ಧರ್ಮೋಪದೇಶಕಾಂಡ 14ರ ಕೊನೇಲಿ ನೋಡಿ, ಮೂರು ವರ್ಷಕ್ಕೊಂದ್ಸಲ ಆ ಪಾಲನ್ನ ಊರಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಲಿ ಅಂತಿದೆ. ಅಂದ್ರೆ ನಿಮ್ಮ ಅತ್ತೆ ಆ ಪಾಲು ತಗೊಳ್ಳೋ ಕಡೆಯವರು! ಅವರ ಮಾತ್ರೆ ದುಡ್ಡು ಉಳಿಸಿ ಸಭೆಗೆ ಕೊಟ್ರೆ ಆ ಆಜ್ಞೆಗೇ ಉಲ್ಟಾ ಆಗುತ್ತೆ.

ಯಜಮಾನ್ರು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿ ಯೇಸುವಿನ ಮೆಚ್ಚುಗೆ ಪಡೆದ ಬಡ ವಿಧವೆ ಕಥೆ ತೆಗೀಬಹುದು. ಅವಳು ಹಾಕಿದ್ದು ತನ್ನ ಕೈಯಲ್ಲಿದ್ದಿದ್ದು, ಬೇರೆಯವರ ಹೆಸರಲ್ಲಿ ಸಾಲ ಬರೆಸಿದ್ದಲ್ಲ. ಪೌಲನೂ 2 ಕೊರಿಂಥ 8:12ರಲ್ಲಿ ಇರೋದರಲ್ಲಿ ಕೊಟ್ರೆ ಸಾಕು, ಇಲ್ಲದ್ದನ್ನ ಯಾರೂ ಕೇಳಲ್ಲ ಅನ್ನೋ ಅರ್ಥದಲ್ಲೇ ಬರೆದಿದ್ದಾನೆ. ಮಾರ್ಕ 7:9ರಿಂದ 13 ಇಬ್ರೂ ಕೂತು ಓದಿ, ಇದು ದೇವರಿಗೆ ಮೀಸಲು ಅಂತ ಹೇಳಿ ತಂದೆ ತಾಯಿಗೆ ಏನೂ ಮಾಡದೆ ಇರೋರನ್ನ ಯೇಸು ಎಷ್ಟು ಗಟ್ಟಿಯಾಗಿ ಖಂಡಿಸ್ತಾನೆ ನೋಡಿ. ಯಜಮಾನ್ರ ಭಕ್ತಿ ಬಗ್ಗೆ ಮಾತ್ರ ಕೊಂಕು ಮಾತಾಡಬೇಡಿ, ಮನುಷ್ಯ ಮನೆ ಉದ್ಧಾರ ಆಗ್ಲಿ ಅಂತಾನೇ ಕೊಡ್ತಿರೋದು.

ಆಮೇಲೆ ಇಬ್ರೂ ಹೋಗಿ ಪಾಸ್ಟರ್‌ಗೆ ಮನೆ ಲೆಕ್ಕ ಹೇಳಿ. ಸಭೆಯ ಲೆಕ್ಕಾನೂ ಕೇಳಿ, ತಪ್ಪೇನಿಲ್ಲ, ಕ್ಯಾಥೋಲಿಕರಲ್ಲಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು ಅಂತ ಧರ್ಮಸಭೆಯ ಕಾನೂನೇ ಇದೆ. ಸಾಲ ತೀರೋವರೆಗೂ 200 ಆಗಲಿ 500 ಆಗಲಿ, ಮನಸ್ಸಿಗೆ ಭಾರ ಆಗದಷ್ಟು ಕಾಣಿಕೆ ಕವರಿಗೆ ಹಾಕಿ, ಮಿಕ್ಕಿದ್ದು ಮೊದಲು ಮಾತ್ರೆಗೆ, ಆಮೇಲೆ ಫೀಸಿಗೆ. ಸಂಘದ ಸಾಲಕ್ಕೆ ಸಹಿ ನಿಮ್ಮದು, ಕಂತು ತಪ್ಪಿದ್ರೆ ಉಳಿದ ಹೆಂಗಸರೂ ಕಟ್ಟೋ ಹಾಗಾಗುತ್ತೆ, ಅದಕ್ಕೇ ಮುಂದಿನ ಮೀಟಿಂಗಲ್ಲೇ ನನಗೆ ಸದ್ಯ ಹೊಸ ಸಾಲ ಬೇಡ ಅಂತ ಹೇಳಿಬಿಡಿ.